ಮೈಯ ಸಾಕ್ಷಿ

ಹೈದರಾಬಾದಿನಿಂದ ಬೆಂಗಳೂರಿಗೆ ಹೊರಟ ಬಸ್ಸುಗಳು ಶಂಶಾಬಾದ್ ದಾಟಿಯೇ ಹೋಗಬೇಕು. 2008ರಲ್ಲಿ ಇಲ್ಲಿ ವಿಮಾನ ನಿಲ್ದಾಣ ಶುರುವಾಯಿತು. ಅದರ ಬೆನ್ನಿಗೆ ಗೋದಾಮುಗಳು ಬಂದವು, ಗೋದಾಮುಗಳ ಬೆನ್ನಿಗೆ ಬಾಡಿಗೆ ಕೋಣೆಗಳು. ಆ ಕೋಣೆಗಳಲ್ಲಿ ತೆಲುಗು, ಉರ್ದು, ಒಡಿಯಾ ಮಾತುಗಳ ಜೊತೆ ಬೀದರ್ ಕಡೆಯ ಕನ್ನಡವೂ ಕಿವಿಗೆ ಬೀಳುತ್ತದೆ. ಹತ್ತಿರದ ನರ್ಕೂಡದಲ್ಲಿ ಅಮ್ಮಪಲ್ಲಿ ಸೀತಾರಾಮಚಂದ್ರಸ್ವಾಮಿ ಗುಡಿಯಿದೆ. ಎತ್ತರದ ಗೋಪುರ, ಮೆಟ್ಟಿಲು ಕಟ್ಟಿದ ಕೊಳ, ತೆಲುಗು ಸಿನಿಮಾದವರಿಗೆ ಅಚ್ಚುಮೆಚ್ಚಿನ ಜಾಗ. ಶೂಟಿಂಗ್ ಇಲ್ಲದ ಒಂದು ಭಾನುವಾರ ಆ ಮೆಟ್ಟಿಲುಗಳ ಮೇಲೆ ಇಬ್ಬರು ಕನ್ನಡಿಗರು ವಾದಕ್ಕಿಳಿದಿದ್ದರು.

ಒಬ್ಬ ಬೀದರ್ ಜಿಲ್ಲೆಯವನು, ಇಪ್ಪತ್ತಾರರ ಹುಡುಗ. ಗೋದಾಮಿನಲ್ಲಿ ಸರಕು ಏರಿಸಿ ಇಳಿಸುವ ಕೆಲಸ. ಹುಟ್ಟಿನಿಂದ ಸಿಕಲ್ ಸೆಲ್ ಕಾಯಿಲೆ. ಇನ್ನೊಬ್ಬರು ಚಾಮರಾಜನಗರದ ಕಡೆ ಸರ್ಕಾರಿ ನರ್ಸ್ ಆಗಿದ್ದು ನಿವೃತ್ತರಾದವರು. ಮಗಳ ಸಂಸಾರದ ಜೊತೆ ಇಲ್ಲಿಗೆ ಬಂದು ನೆಲೆಸಿದ್ದಾರೆ. ಸಕ್ಕರೆ ಕಾಯಿಲೆ ಅವರಿಗೆ ಹಳೆಯ ನೆಂಟ.

"ಈ ವಾರ ಥಂಡಿ ಖೋಲಿ ಡ್ಯೂಟಿ ಹಾಕ್ಯಾರ್ರಿ ಅಮ್ಮೋರ," ಎಂದು ಶುರುಮಾಡಿದ್ದು ಹುಡುಗ. "ಔಷಧ ಇಡೋ ಖೋಲಿ. ಎರಡರಿಂದ ಎಂಟು ಡಿಗ್ರಿ ಇರ್ತದ. ಒಳಗ ಒಂದು ತಾಸು ನಿಂತೆ ಅಂದ್ರ ರಾತ್ರಿಗಿ ಮೊಣಕಾಲು ಹಿಡೀತಾವ. ಸೂಪರ್‌ವೈಸರ್‌ಗ ಹೇಳಿದ್ರ, ನೋಡ್ಲಿಕ್ಕ ಗಟ್ಟಿಮುಟ್ಟ ಇದ್ದೀಯಲ್ಲ ಅಂತಾನ."

"ಡಾಕ್ಟರ ಪತ್ರ ಕೊಟ್ಟಿದೀಯೇನಪ್ಪ?"

"ನನ್ನ ಮೊಣಕಾಲಿನ ಸುದ್ದಿ ನನಗ ಗೊತ್ತದ. ಡಾಕ್ಟರ್ ಅದನ್ನ ನನ್ನ ಬಾಯಿಂದನೇ ಕೇಳಿ ಬರೀಬೇಕು. ನಾ ಹೇಳಿದ್ರ ಸುಳ್ಳು, ಅದೇ ಮಾತು ಅವ್ರ ಕಾಗದದಾಗ ಬಂದ್ರ ಖರೆ. ಇದು ಯಾವ ನ್ಯಾಯ ರೀ?"

ಕಾಯಿಲೆಯ ಬಗ್ಗೆ ಎರಡು ಮಾತು ಹೇಳದೆ ಮುಂದಿನ ವಾದ ತಿಳಿಯದು. ರಕ್ತದ ಕೆಂಪು ಕಣದೊಳಗಿನ ಹಿಮೋಗ್ಲೋಬಿನ್ನಿನಲ್ಲಿ ಒಂದೇ ಒಂದು ಅಮೈನೋ ಆಮ್ಲ ಅದಲುಬದಲಾಗಿರುತ್ತದೆ. ತಂದೆ ತಾಯಿ ಇಬ್ಬರಿಂದಲೂ ಅದು ಬಂದರೆ ಕಾಯಿಲೆ, ಒಬ್ಬರಿಂದ ಬಂದರೆ ಬರೀ ವಾಹಕತನ. ಆಮ್ಲಜನಕ ಕಡಿಮೆಯಾದಾಗ ಕಣ ಕುಡುಗೋಲಿನಂತೆ ಬಾಗಿ ಗಡುಸಾಗಿ ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಚಳಿ, ನೀರಿನ ಕೊರತೆ, ಸೋಂಕು, ಅತಿ ದಣಿವು ಇದಕ್ಕೆ ದಾರಿ ಮಾಡಿಕೊಡುತ್ತವೆ. ರಕ್ತ ತಲುಪದ ಮೂಳೆ, ಮಾಂಸ ನೋಯುತ್ತವೆ. ಸಾಮಾನ್ಯ ಕೆಂಪು ಕಣ ಸುಮಾರು 120 ದಿನ ಬದುಕಿದರೆ ಇದು 10ರಿಂದ 20 ದಿನಕ್ಕೇ ಒಡೆಯುತ್ತದೆ. ಭಾರತದಲ್ಲಿ ಇದು ಮೊದಲು ಗೊತ್ತಾದದ್ದು 1952ರಲ್ಲಿ, ನೀಲಗಿರಿಯ ಆದಿವಾಸಿಗಳಲ್ಲಿ. ಕರ್ನಾಟಕದಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿ ಇದನ್ನು ಗುರುತಿಸಿ ಚಿಕಿತ್ಸೆಗೆ ನಿಂತವರು ಡಾ. ಎಚ್. ಸುದರ್ಶನ್, ಅವರ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಶುರುವಾದದ್ದು 1981ರಲ್ಲಿ.

ಇಷ್ಟೆಲ್ಲ ಗೊತ್ತಿದ್ದರೂ ಒಂದು ತೊಡಕು ಉಳಿದೇ ಇದೆ. ನೋವು ಬಂದಿದೆ ಎಂದು ತೋರಿಸುವ ರಕ್ತಪರೀಕ್ಷೆ ಇಲ್ಲ. ಎಕ್ಸ್-ರೇಯಲ್ಲೂ ಅದು ಕಾಣುವುದಿಲ್ಲ. ನೋಯುವವನ ಮಾತೊಂದೇ ಸಾಕ್ಷಿ.

"ಎರಡು ದಿನ ಮೊದಲೇ ತಿಳೀತದ ರೀ," ಎಂದ ಹುಡುಗ. "ಕಣ್ಣು ಹಳದಿ ಆಗ್ತಾವ, ಸೊಂಟದಾಗ ಒಂಥರಾ ಭಾರ, ಮೈಯಾಗ ಜೀವಾನೇ ಇಲ್ಲದಂಗ. ಆವಾಗೇ ನೀರು ಕುಡೀಲಿಕ್ಕ ಶುರು ಮಾಡ್ತೀನಿ, ದಪ್ಪ ಚಾದರ ಹೊದ್ದು ಮಲಗ್ತೀನಿ. ಅರ್ಧಕ್ಕರ್ಧ ಸಲ ಅಲ್ಲಿಗೇ ನಿಲ್ತದ. ದವಾಖಾನಿಗಿ ಹೋಗೋ ಮಾತೇ ಇಲ್ಲ."

"ನಿಲ್ಲದೇ ಇದ್ದಾಗ?"

"ನಿಲ್ಲದಿದ್ದಾಗ ಹೋಗ್ತೀನಿ. ಅಲ್ಲಿ ಹೊಸ ಡಾಕ್ಟರ್ ಇದ್ರ, ಹತ್ತರಾಗ ಎಷ್ಟು ನೋವು ಅಂತ ಕೇಳ್ತಾರ. ಒಂಬತ್ತು ಅಂತೀನಿ. ನನ್ನ ಮಾರಿ ನೋಡ್ತಾರ. ಹಂಗ ಕಾಣ್ಸಲ್ಲಲ್ಲ ಅಂತಾರ. ಹುಟ್ಟಿದಾಗಿಂದ ಒಂಬತ್ತು ಉಂಡವನು ಒಂಬತ್ತಕ್ಕ ಚೀರಾಡ್ತಾನೇನ್ರಿ? ನಾ ಫೋನ್ ಹಿಡಕೊಂಡು ಹಾಡು ಕೇಳ್ತಿರ್ತೀನಿ, ಅದರಾಗೇ ಮನಸ್ಸು ತಿರುಗಸ್ತೀನಿ. ಅವ್ರಿಗಿ ಅದು ನಾಟಕ ಅನ್ನಿಸ್ತದ. ಯಾವ ಇಂಜೆಕ್ಷನ್ ನನಗ ಹಿಡೀತದ ಅಂತ ಹೆಸರು ಹೇಳಿದ್ನೋ, ಮುಗೀತು. ಚಟಕ್ಕ ಬಂದಾನ ಅಂತ ನರ್ಸ್‌ಗಳು ಕಣ್ಣಾಗೇ ಮಾತಾಡ್ಕೋತಾರ."

ನಿವೃತ್ತ ನರ್ಸ್ ಒಂದು ಗಳಿಗೆ ಸುಮ್ಮನಿದ್ದರು. "ನಾವೂ ಹಾಗೆ ಮಾತಾಡ್ಕೊಂಡಿದೀವಿ ಕಣಪ್ಪ. ನಿದ್ದೆಗೆಟ್ಟ ರಾತ್ರಿ ಪಾಳೀಲಿ ಒಬ್ಬನೇ ಮನುಷ್ಯ ತಿಂಗಳಿಗೆ ಎರಡು ಸಲ ಬಂದು ಅದೇ ಸೂಜಿ ಕೇಳಿದ್ರೆ ಅನುಮಾನ ಬರುತ್ತೆ."

ಹುಡುಗನ ಬೆನ್ನಿಗೆ ಇಲ್ಲಿ ದಾಖಲೆಗಳಿವೆ. ಅಮೆರಿಕದ ವರ್ಜೀನಿಯಾದಲ್ಲಿ ಸಿಕಲ್ ಸೆಲ್ ಇರುವ 232 ವಯಸ್ಕರು ತಿಂಗಳುಗಟ್ಟಲೆ ದಿನಚರಿ ಬರೆದ ಅಧ್ಯಯನವೊಂದು 2008ರಲ್ಲಿ ಪ್ರಕಟವಾಯಿತು. ಅವರು ಬರೆದ ದಿನಗಳಲ್ಲಿ ಅರ್ಧಕ್ಕಿಂತ ಹೆಚ್ಚು ನೋವಿನ ದಿನಗಳಾಗಿದ್ದವು. ಆಸ್ಪತ್ರೆಯ ಮೆಟ್ಟಿಲು ಹತ್ತಿದ್ದು ನೂರಕ್ಕೆ ನಾಲ್ಕು ದಿನವೂ ಇಲ್ಲ. ತಿಂಗಳಿಗೆ ಎರಡು ಸಲ ಬರುವವನು ಮಿಕ್ಕ ಹತ್ತಾರು ಸಲ ಬಾರದೆ ಮನೆಯಲ್ಲೇ ಹಲ್ಲು ಕಚ್ಚಿ ಮಲಗಿದ್ದ ಎಂಬ ಲೆಕ್ಕ ರಾತ್ರಿ ಪಾಳಿಯ ನರ್ಸ್‌ಗೆ ಕಾಣುವಂಥದ್ದಲ್ಲ.

ನಂಬದೇ ಹೋದರೆ ಏನಾಗುತ್ತದೆ ಎನ್ನುವುದಕ್ಕೂ ದಾಖಲೆಯಿದೆ. 2019ರ ಏಪ್ರಿಲ್‌ನಲ್ಲಿ ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ದಾಖಲಾಗಿದ್ದ 21 ವರ್ಷದ ಸಿಕಲ್ ಸೆಲ್ ರೋಗಿ, ಆಕ್ಸಿಜನ್ ಕೊಡಿ ಎಂದು ಹಾಸಿಗೆಯಿಂದಲೇ ತುರ್ತು ಸೇವೆಯ 999ಕ್ಕೆ ಫೋನ್ ಮಾಡಿದ. ಆತ ಉಳಿಯಲಿಲ್ಲ. ಚಿಕಿತ್ಸೆ ಬೇಗ ಸಿಕ್ಕಿದ್ದರೆ ಸಾಯುತ್ತಿರಲಿಲ್ಲ ಎಂದು ವಿಚಾರಣೆಯಲ್ಲಿ ಹೊರಬಂತು. ಬ್ರಿಟನ್ನಿನ ಸಂಸದರ ಗುಂಪೊಂದು 2021ರ ನವೆಂಬರಿನಲ್ಲಿ ಈ ರೋಗಿಗಳ ಪಾಡಿನ ಬಗ್ಗೆ ವರದಿಯನ್ನೇ ತಂದಿತು. ವಿಚಿತ್ರವೆಂದರೆ, ನೋವಿನ ಹೊತ್ತಿನಲ್ಲಿ ರೋಗಿಯನ್ನೂ ಅವನ ಮನೆಯವರನ್ನೂ ಆ ಕಾಯಿಲೆಯ ಪರಿಣತರೆಂದೇ ಭಾವಿಸಿ ಅವರ ಮಾತಿಗೆ ಕಿವಿಗೊಡಬೇಕು ಎಂಬ ಸೂಚನೆ ಅದೇ ದೇಶದ ಅಧಿಕೃತ ಮಾರ್ಗಸೂಚಿಯಲ್ಲಿ 2012ರಿಂದಲೇ ಇತ್ತು.

ಇದನ್ನೆಲ್ಲ ಕೇಳಿದರೆ ವಾದ ಮುಗಿಯಿತು ಅನ್ನಿಸಬೇಕು. ನರ್ಸ್ ಅಷ್ಟಕ್ಕೆ ಸೋಲುವವರಲ್ಲ. ಅವರು ಎಡಗಾಲಿನ ಚಪ್ಪಲಿ ಬಿಟ್ಟು ಪಾದ ತೋರಿಸಿದರು. ಹೆಬ್ಬೆರಳಿನ ಬುಡದಲ್ಲಿ ಮಾಗಿದ ದೊಡ್ಡ ಗಾಯದ ಕಲೆ.

"ಚಪ್ಪಲೀಲಿ ಮೊಳೆ ಎದ್ದಿತ್ತು. ಇಡೀ ದಿನ ಅದರ ಮೇಲೇ ಓಡಾಡಿದೀನಿ. ರಾತ್ರಿ ಕಾಲು ತೊಳೆಯೋವಾಗ ನೀರು ಕೆಂಪಗಾಯ್ತು, ಆಗ ನೋಡ್ಕೊಂಡೆ. ನನ್ನ ಮೈ ನನಗೆ ಒಂದು ಮಾತೂ ಹೇಳ್ಲಿಲ್ಲ. ಸಕ್ಕರೆ ನರಗಳನ್ನ ತಿಂದುಹಾಕಿತ್ತು. ಸಾವಿರಾರು ಜನಕ್ಕೆ ಕಾಲು ನೋಡ್ಕೊಳಿ ಅಂತ ಹೇಳಿದೋಳು ನಾನು. ನೀನು ಮೈ ಹೇಳುತ್ತೆ, ಮೈ ಹೇಳುತ್ತೆ ಅಂತೀಯ. ಹೇಳೋದನ್ನೇ ಬಿಟ್ಟರೆ ಏನ್ ಮಾಡ್ತೀಯ?"

"ಅದು ನಿಮ್ಮ ಸಕ್ಕರಿ ಬ್ಯಾನಿ. ನನ್ನದು ಸುಮ್ಮನಿರೋ ಬ್ಯಾನಿ ಅಲ್ಲ ಬಿಡ್ರಿ, ಊರಿಗೆಲ್ಲ ಕೇಳೋಹಂಗ ಚೀರ್ತದ."

"ಅಲ್ಲೇ ನೀನು ತಪ್ಪಿರೋದು. ಮೂಳೆಗೆ ಬಂದ್ರೆ ಚೀರುತ್ತೆ, ಮೆದುಳಿಗೆ ಬಂದ್ರೆ ಚೀರೋದಿಲ್ಲ. ಆಡ್ಕೊಂಡು ಓಡ್ಕೊಂಡು ಇರೋ ಮಗೂಗೂ ಒಳಗೇ ಸಣ್ಣ ಸಣ್ಣ ಸ್ಟ್ರೋಕ್ ಆಗಿರುತ್ತೆ. ಸ್ಕ್ಯಾನ್ ಮಾಡಿದ್ರೆ ಮಾತ್ರ ಗೊತ್ತಾಗೋದು. ಮೇಷ್ಟ್ರು ಮಗು ದಡ್ಡ ಅಂತಾರೆ, ಅಪ್ಪ ಎರಡು ಬಾರಿಸ್ತಾನೆ. ಕಣ್ಣಿನ ಹಿಂದಿನ ಪರದೆ ಹಾಳಾಗೋದೂ ಹಾಗೇ, ಒಂಚೂರೂ ನೋವಿಲ್ಲ."

ಅವರ ಮಾತಿಗೂ ಬಲವಾದ ಆಧಾರವಿದೆ. ಅಮೆರಿಕದಲ್ಲಿ ಸಿಕಲ್ ಸೆಲ್ ಮಕ್ಕಳ ತಲೆಗೆ ಡಾಪ್ಲರ್ ಅಲ್ಟ್ರಾಸೌಂಡ್ ಹಿಡಿದು ಮೆದುಳಿನ ರಕ್ತನಾಳಗಳಲ್ಲಿ ರಕ್ತ ಹರಿಯುವ ವೇಗ ಅಳೆದರು. ವೇಗ ಮಿತಿಮೀರಿದ್ದ ಮಕ್ಕಳಿಗೆ ನಿಯಮಿತವಾಗಿ ರಕ್ತ ಕೊಟ್ಟಾಗ ಸ್ಟ್ರೋಕಿನ ಅಪಾಯ ಶೇ 92ರಷ್ಟು ಇಳಿಯಿತು. 1998ರಲ್ಲಿ ಪ್ರಕಟವಾದ ಫಲಿತಾಂಶ ಇದು. ಆ ಮಕ್ಕಳಿಗಾಗಲಿ, ಅವರನ್ನು ಹೆತ್ತವರಿಗಾಗಲಿ ಏನೋ ಕೆಟ್ಟದ್ದು ಕಾದಿದೆಯೆಂಬ ಸುಳಿವು ಇರಲಿಲ್ಲ. ಸುಳಿವು ಸಿಕ್ಕದ್ದು ಯಂತ್ರಕ್ಕೆ.

ಹುಡುಗ ಬೇರೆ ದಾರಿ ಹಿಡಿದ. "ಯಂತ್ರನೂ ನನ್ನ ಕೇಳೇ ಓದ್ಬೇಕ್ರಿ. ನನ್ನ ಹಿಮೋಗ್ಲೋಬಿನ್ ಯಾವಾಗಲೂ ಎಂಟರ ಆಸುಪಾಸು. ಲ್ಯಾಬಿನ ಕಾಗದದಾಗ ಅದಕ್ಕ ಕೆಂಪು ಗೀಟು ಬೀಳ್ತದ. ಗುರುತಿಲ್ಲದ ಡಾಕ್ಟರ್ ಅದನ್ನ ನೋಡಿದ ಕೂಡ್ಲೇ ರಕ್ತ ಏರಿಸ್ಬೇಕು ಅಂತಾರ. ನನಗ ಎಂಟಂದ್ರ ಹದಿನಾರಾಣೆ ಆರಾಮ ರೀ. ಬ್ಯಾಡ ಅಂದ್ರ ಇವನಿಗೇನು ಗೊತ್ತದ ಅಂತಾರ."

"ಎಂಟು ನಿನ್ನ ಮಾಮೂಲಿ ಅಂತ ನಿನಗೆ ಹೆಂಗೋ ಗೊತ್ತಾಯ್ತು?"

"ಫೈಲ್ ಅದಲ್ಲ. ಎಷ್ಟೋ ವರ್ಷದ ರಿಪೋರ್ಟ್ ಅವ."

"ಹಾಂ! ಮೈ ಹೇಳಿದ್ದಲ್ಲ, ಫೈಲ್ ಹೇಳಿದ್ದು."

"ಫೈಲ್ ಇಟ್ಟುಕೊಂಡು ತಿರುಗಿದ್ದು ಯಾರು? ದವಾಖಾನಿನೋ, ನಾನೋ?"

ಇಬ್ಬರೂ ನಕ್ಕರು. ಬೇಡದ ರಕ್ತ ಏರಿಸಿದರೆ ಸಿಕಲ್ ಸೆಲ್ ರೋಗಿಯ ರಕ್ತ ಮಂದವಾಗಿ ಹರಿವು ಇನ್ನಷ್ಟು ತಡೆಯಬಹುದು. ಸಲ ಸಲ ಏರಿಸಿದರೆ ಕಬ್ಬಿಣ ತುಂಬಿಕೊಳ್ಳುತ್ತದೆ. ಆದ್ದರಿಂದ ಅವನವನ ಮಾಮೂಲಿ ಅಂಕಿ ಎಷ್ಟು ಎಂದು ಕೇಳಿಯೇ ವೈದ್ಯರು ಮುಂದುವರಿಯಬೇಕು. ಇದರಲ್ಲಿ ಹುಡುಗ ಹೇಳಿದ್ದು ಸರಿ. ಆ ಅಂಕಿ ರಕ್ತ ತೆಗೆದು ನೋಡದೆ ಗೊತ್ತಾಗದು ಎನ್ನುವುದರಲ್ಲಿ ನರ್ಸ್ ಹೇಳಿದ್ದೂ ಸರಿ.

ವಾದಕ್ಕೆ ಹೊಸ ಜೀವ ಬಂದದ್ದು ಜಮೈಕಾದ ಕಥೆಯಿಂದ. ಅದನ್ನು ಎತ್ತಿದ್ದು ನರ್ಸ್. ಕಿಂಗ್‌ಸ್ಟನ್ನಿನಲ್ಲಿ ಡಾ. ಗ್ರಹಾಂ ಸರ್ಜೆಂಟ್ ಮತ್ತು ಸಂಗಡಿಗರು 1973ರಿಂದ 1981ರವರೆಗೆ ಒಂದು ಲಕ್ಷ ನವಜಾತ ಶಿಶುಗಳ ರಕ್ತ ಪರೀಕ್ಷಿಸಿ, ಸಿಕಲ್ ಸೆಲ್ ಇದ್ದ ಮಕ್ಕಳನ್ನು ಮುಂದೆ ವರ್ಷಗಟ್ಟಲೆ ನೋಡಿಕೊಂಡರು. ಎಳೆಯ ಮಕ್ಕಳನ್ನು ಕೊಲ್ಲುತ್ತಿದ್ದ ಸಂಗತಿಗಳಲ್ಲೊಂದು ಗುಲ್ಮದ ಹಠಾತ್ ಊತ. ಎಡಪಕ್ಕೆಯ ಕೆಳಗಿನ ಆ ಅಂಗದಲ್ಲಿ ಕೆಲವೇ ಗಂಟೆಗಳಲ್ಲಿ ರಕ್ತವೆಲ್ಲ ತುಂಬಿಕೊಂಡು ಮಗು ಬಿಳಿಚಿ ಕುಸಿದುಬಿಡುತ್ತದೆ. ಆಸ್ಪತ್ರೆಗೆ ತರುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ವೈದ್ಯರು ಮಾಡಿದ ಉಪಾಯಕ್ಕೆ ಕಾಸೂ ಖರ್ಚಿಲ್ಲ: ಮಗುವಿನ ಹೊಟ್ಟೆಯ ಮೇಲೆ ಬೆರಳಿಟ್ಟು ಗುಲ್ಮ ಎಲ್ಲಿವರೆಗೆ ಬಂದಿದೆ ಎಂದು ದಿನವೂ ನೋಡುವುದನ್ನು ತಾಯಂದಿರಿಗೆ ಕಲಿಸಿದರು. ಹೆಚ್ಚಾಗಿದ್ದರೆ ಕೂಡಲೇ ಹೊತ್ತು ತನ್ನಿ ಎಂದರು. 1985ರಲ್ಲಿ ಫಲಿತಾಂಶ ಪ್ರಕಟವಾಯಿತು. ಊತದ ಪ್ರಸಂಗಗಳು ಮೊದಲಿಗಿಂತ ಹೆಚ್ಚು ಪತ್ತೆಯಾಗಿದ್ದವು. ಅಂಥ ನೂರು ಪ್ರಸಂಗಗಳಲ್ಲಿ ಸುಮಾರು 29ರಷ್ಟಿದ್ದ ಸಾವು ಮೂರಕ್ಕೆ ಇಳಿದಿತ್ತು.

"ನೋಡ್ರಿ ಮತ್ತ!" ಎಂದ ಹುಡುಗ. "ತಾಯಿ ಕೈ. ಯಾವ ಮಶೀನೂ ಇಲ್ಲ."

"ತಾಯಿ ಕೈಗೆ ಗುಲ್ಮ ಎಲ್ಲಿರುತ್ತೆ ಅಂತ ತೋರಿಸಿದ್ದು ಡಾಕ್ಟ್ರು ಮಗಾ. ಹಾಗೇ ಬಿಟ್ಟಿದ್ರೆ ಅವಳು ಹೊಟ್ಟೆ ಉಬ್ಬರ ಅಂತ ಓಮದ ನೀರು ಕುಡಿಸ್ತಿದ್ಲು. ನಾನು ಸೋಲಿಗರ ಪೋಡುಗಳಿಗೆ ಹೋಗ್ತಿದ್ದಾಗ ಇದನ್ನೇ ಕಲಿಸಿದೀನಿ. ಕಲಿಸಿದ ಮೇಲೆ ಆ ಹೆಂಗಸರು ನನಗಿಂತ ಚೆನ್ನಾಗಿ ಹಿಡೀತಿದ್ರು, ಅದೂ ನಿಜ. ಬೆಳಿಗ್ಗೆ ಸಂಜೆ ಅದೇ ಹೊಟ್ಟೆ ಮುಟ್ಟೋರು ಅವರೇ ತಾನೇ."

"ಅದೇ ನಾ ಅನ್ನೋದು. ನಿಮಗ ಹತ್ತೂರಿನ ಸಾವಿರ ಹೊಟ್ಟಿ ಗೊತ್ತು. ಆಕಿಗಿ ಒಂದೇ ಹೊಟ್ಟಿ ಗೊತ್ತು, ಆದ್ರ ಪೂರಾ ಗೊತ್ತು."

"ಪೂರಾ ಅನ್ಬೇಡ."

ಸಕ್ಕರೆ ಕಾಯಿಲೆಯಲ್ಲೂ ಇಂಥ ಪಾಠ ನಡೆದಿದೆ. ವರ್ಜೀನಿಯಾ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಡೇನಿಯಲ್ ಕಾಕ್ಸ್ ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಒಂದು ತರಬೇತಿ ರೂಪಿಸಿದರು. ಬೆರಳು ಚುಚ್ಚುವ ಮುಂಚೆ ಮೈ ಹೇಗಿದೆ ಎಂದು ಬರೆಯಬೇಕು: ನಡುಕ, ಬೆವರು, ಮಂಕು, ಸಿಡುಕು. ಸಕ್ಕರೆ ಎಷ್ಟಿರಬಹುದೆಂದು ಊಹಿಸಬೇಕು. ಆಮೇಲೆ ಚುಚ್ಚಿ ಅಂಕಿ ನೋಡಬೇಕು. ತಮಗೆ ಸಕ್ಕರೆ ಇಳಿದರೆ ಗೊತ್ತೇ ಆಗುತ್ತದೆ ಎಂದುಕೊಂಡಿದ್ದವರ ಊಹೆ ಎಷ್ಟೋ ಸಲ ತಪ್ಪುತ್ತಿತ್ತು. ಊಹಿಸುತ್ತ, ತಾಳೆ ನೋಡುತ್ತ ಹೋದಂತೆ ಸುಧಾರಿಸಿತು. ಪದೇ ಪದೇ ಸಕ್ಕರೆ ಕುಸಿದವರಲ್ಲಿ ಮೈಯ ಎಚ್ಚರಿಕೆಯೇ ಮೊಂಡಾಗುತ್ತದೆ ಎನ್ನುವುದು ಗೊತ್ತಿರುವ ಸಂಗತಿ. ಕೆಲವು ವಾರ ಕುಸಿಯದಂತೆ ಕಾಯ್ದುಕೊಂಡರೆ ಆ ಎಚ್ಚರ ಬಹಳ ಮಂದಿಗೆ ಮರಳುತ್ತದೆ. ಅಂದರೆ ಮೈಯ ಅರಿವು ಹುಟ್ಟಿನಿಂದ ಬಂದು ಹಾಗೇ ಉಳಿಯುವ ಆಸ್ತಿಯಲ್ಲ. ಕೆಡುತ್ತದೆ, ತಿದ್ದಿದರೆ ಸರಿಹೋಗುತ್ತದೆ. ಇಬ್ಬರ ವಾದದಲ್ಲೂ ಈ ಅಂಶಕ್ಕೆ ಸಲ್ಲಬೇಕಾದ ಜಾಗ ಸಿಗಲಿಲ್ಲ ಎಂದು ಈ ಬರಹಗಾರನಿಗೆ ಅನ್ನಿಸುತ್ತದೆ.

ನರ್ಸ್ ಗುಳಿಗೆಯ ವಿಷಯಕ್ಕೆ ಬಂದರು. "ಹೈಡ್ರಾಕ್ಸಿಯೂರಿಯಾ ತಗೋತಿದೀಯಾ?"

"ಬ್ಯಾಸಗಿಯಾಗ ಬಿಟ್ಟಿದ್ದೆ. ಆರಾಮ ಇದ್ದೆ. ಮೈ ಬ್ಯಾಡ ಅಂತು."

"ಮೈ ಬೇಡ ಅಂತಾ, ನೀನು ಬೇಡ ಅಂದ್ಯಾ? ಆರಾಮ ಇದ್ದದ್ದು ಆ ಗುಳಿಗೆ ದೆಸೆಯಿಂದಲೇ ಇರ್ಬೋದು."

"ಇರ್ಬಹುದು. ಅದನ್ನ ನುಂಗಿದ ದಿನ ಹೊಟ್ಟಿ ತೊಳಸ್ತದ. ತಿಂಗಳಾದ್ರೂ ಒಳ್ಳೇದು ಏನಾಯ್ತು ಅಂತ ಕಾಣ್ಸಲ್ಲ. ಕೆಟ್ಟದ್ದು ಇವತ್ತೇ ಕಾಣ್ತದ. ನೀವಾದ್ರ ಏನ್ ಮಾಡ್ತಿದ್ರಿ?"

ಹೈಡ್ರಾಕ್ಸಿಯೂರಿಯಾ ನೋವಿನ ಹೊಡೆತಗಳನ್ನು ಸುಮಾರು ಅರ್ಧಕ್ಕೆ ಇಳಿಸುತ್ತದೆ ಎಂದು 1995ರ ಪ್ರಯೋಗವೊಂದು ತೋರಿಸಿತು. ಮೈಯಲ್ಲಿ ಭ್ರೂಣದ ಹಿಮೋಗ್ಲೋಬಿನ್ ಹೆಚ್ಚಿಸಿ ಕಣಗಳು ಬಾಗದಂತೆ ಅದು ನೋಡಿಕೊಳ್ಳುತ್ತದೆ. ಆದರೆ ಬಾರದೇ ಹೋದ ನೋವನ್ನು ಯಾರೂ ಅನುಭವಿಸಿ ತಿಳಿಯಲಾರರು. ಅದು ಲೆಕ್ಕದಲ್ಲಿ ಮಾತ್ರ ಕಾಣುವಂಥದ್ದು. ಹುಡುಗನ ಪ್ರಶ್ನೆಗೆ ನರ್ಸ್ ನೇರ ಉತ್ತರ ಕೊಡಲಿಲ್ಲ. ರಾತ್ರಿ ಊಟವಾದ ಮೇಲೆ ನುಂಗಿ ನೋಡು, ಡಾಕ್ಟರ ಹತ್ತಿರ ಡೋಸ್ ಬಗ್ಗೆ ಮಾತಾಡು ಎಂದಷ್ಟೇ ಅಂದರು. ಹುಡುಗ ಹೂಂ ಅನ್ನಲಿಲ್ಲ.

ಪುಸ್ತಕದ ಮಾತಿಗೂ ಒಂದು ಮಿತಿಯಿದೆ. ಈ ಕಾಯಿಲೆಯ ಪಾಠಗಳು ಬಹುಪಾಲು ಅಮೆರಿಕ, ಜಮೈಕಾದ ರೋಗಿಗಳಿಂದ ಬಂದವು. ಭಾರತದಲ್ಲಿ ಹೆಚ್ಚಾಗಿ ಕಾಣುವ ಬಗೆಯಲ್ಲಿ ಭ್ರೂಣದ ಹಿಮೋಗ್ಲೋಬಿನ್ ಸಹಜವಾಗಿಯೇ ಹೆಚ್ಚು. ಅಲ್ಲಿನ ಮಕ್ಕಳಲ್ಲಿ ಬೇಗ ಸೊರಗಿಹೋಗುವ ಗುಲ್ಮ ಇಲ್ಲಿ ದೊಡ್ಡವರಾದ ಮೇಲೂ ಉಬ್ಬಿಕೊಂಡಿರುವುದುಂಟು. ಇಲ್ಲಿನವರದ್ದು ಸೌಮ್ಯ ಕಾಯಿಲೆ ಎಂಬ ಮಾತೂ ಇದರಿಂದಲೇ ಹುಟ್ಟಿತು. ಮಧ್ಯ ಭಾರತದ ಎಷ್ಟೋ ರೋಗಿಗಳ ಪಾಡು ಆ ಮಾತನ್ನು ಸುಳ್ಳು ಮಾಡಿದೆ. 2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲ್‌ನಲ್ಲಿ ರಾಷ್ಟ್ರೀಯ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನ ಆರಂಭವಾಯಿತು. 40 ವರ್ಷದೊಳಗಿನ ಏಳು ಕೋಟಿ ಜನರ ತಪಾಸಣೆ, ನಿರ್ಮೂಲನೆಗೆ 2047ರ ಗಡುವು. ಪರೀಕ್ಷೆಯಾದವರಿಗೆ ಕಾರ್ಡ್ ಕೊಡುತ್ತಾರೆ. ಯಾರಿಗೆ ಕಾಯಿಲೆ, ಯಾರು ವಾಹಕ ಎಂದು ಅದು ಹೇಳುತ್ತದೆ. ಈ ಹೊತ್ತು ಎಷ್ಟು ನೋಯುತ್ತಿದೆ ಎಂದು ಹೇಳಲು ಮತ್ತೆ ಅವರ ಬಾಯಿಯೇ ಬೇಕು.

"ಆ ಪತ್ರದ ಮಾತಿಗೆ ಬರೋಣ," ಎಂದರು ನರ್ಸ್. "ರಾಜೇಂದ್ರನಗರದ ಕಡೆ ಥಲಸೀಮಿಯಾ ಅಂಡ್ ಸಿಕಲ್ ಸೆಲ್ ಸೊಸೈಟಿ ಇದೆಯಲ್ಲ, 1998ರಿಂದ ಇದೇ ಕೆಲಸ ಮಾಡ್ತಿರೋರು. ಅಲ್ಲಿ ಹೋಗಿ ಕೇಳು. 2016ರ ಅಂಗವಿಕಲರ ಹಕ್ಕಿನ ಕಾಯ್ದೇಲಿ 21 ತರಹದ ವೈಕಲ್ಯ ಸೇರಿಸಿದಾರೆ, ಸಿಕಲ್ ಸೆಲ್ ಅದರಲ್ಲಿದೆ."

"ಅದೂ ನೋಡೀನಿ. ಪಟ್ಟಿಯಾಗ ಹೆಸರದ, ಶೇಕಡಾ ನಾಲ್ಕರ ನೌಕರಿ ಮೀಸಲಾತಿಯಾಗ ನಮ್ಮ ಹೆಸರಿಲ್ಲ. ಪತ್ರ ತೋರಿಸಿದ ಮರುದಿನ ಮಾಲಕ, ನಿನಗ ಈ ಕೆಲಸ ಆಗಲ್ಲ ಮನಿಗಿ ಹೋಗು ಅಂದ್ರ? ಬಾಯಿಮಾತಿನಾಗ ಹೇಳಿದ್ರ ಬರೀ ನಂಬಲ್ಲ. ಬರದು ಕೊಟ್ರ ಕೆಲಸನೇ ಹೋಗ್ಬಹುದು."

ಆ ಅಂಜಿಕೆಗೆ ನರ್ಸ್ ಬಳಿ ಮದ್ದಿರಲಿಲ್ಲ. ಖಾಸಗಿ ಸಂಸ್ಥೆಗಳೂ ಸಮಾನ ಅವಕಾಶದ ನೀತಿಯನ್ನು ಪ್ರಕಟಿಸಬೇಕೆಂದು ಅದೇ ಕಾಯ್ದೆಯ 21ನೇ ಕಲಂ ಹೇಳುತ್ತದೆ. ಗುತ್ತಿಗೆಯ ಕೂಲಿಗೆ ಅದನ್ನು ಕೇಳಿ ಪಡೆಯುವ ಧೈರ್ಯ ಎಲ್ಲಿಂದ ಬರಬೇಕು?

ಕೊನೆಯ ಜಟಾಪಟಿ ಜ್ವರದ ಮೇಲೆ. ನೂರೊಂದು ಡಿಗ್ರಿ ಬಂದರೂ ಬೆಳಗಿನ ತನಕ ನೋಡುತ್ತೇನೆ, ಯಾವ ಜ್ವರ ಇಳಿಯುವಂಥದ್ದು ಎಂದು ತನಗೆ ತಿಳಿಯುತ್ತದೆ ಎಂದ ಹುಡುಗ. ನರ್ಸ್ ದನಿ ಏರಿಸಿದರು. "ನೋವಿನಲ್ಲಿ ನಿನ್ನ ಮಾತು ಮೊದಲು, ಒಪ್ಕೊಂಡೆ. ಜ್ವರದಲ್ಲಿ ನಿನ್ನ ಮಾತು ಕೇಳೋದಿಲ್ಲ. ಅರ್ಧರಾತ್ರಿ ಆದ್ರೂ ನನ್ನ ಮಗಳ ಮನೆ ಬಾಗಿಲು ಬಡಿ, ಆಟೋ ಮಾಡ್ಕೊಂಡು ಹೋಗೋಣ."

"ಜ್ವರ ಒಂದಕ್ಕ ಹೂಂ ಅಂತೀನಿ," ಎಂದ ಹುಡುಗ. "ಉಳಿದದ್ದು ಇನ್ನೂ ಮುಗಿದಿಲ್ಲ ರೀ."

ಉಳಿದ ವಿಷಯಗಳಲ್ಲಿ ಓದುಗರು ಯಾರ ಪಕ್ಷ ಬೇಕಾದರೂ ವಹಿಸಬಹುದು, ಜ್ವರದ ವಿಷಯದಲ್ಲಿ ಆಗದು. ಸಿಕಲ್ ಸೆಲ್ ಇರುವವರ ಗುಲ್ಮ ಕೆಲಸ ಮಾಡುವುದನ್ನು ಬಿಟ್ಟಿರುತ್ತದೆ ಅಥವಾ ಅರೆಬರೆ ಮಾಡುತ್ತಿರುತ್ತದೆ, ಆದ್ದರಿಂದ ಕೆಲವು ಸೋಂಕುಗಳು ಗಂಟೆಗಳಲ್ಲಿ ರಕ್ತಕ್ಕೆ ಹರಡುತ್ತವೆ. 101 ಡಿಗ್ರಿ ದಾಟಿದ ಜ್ವರ, ಎದೆನೋವಿನ ಜೊತೆ ಉಸಿರಾಟದ ತೊಂದರೆ, ಹಠಾತ್ತಾಗಿ ಕೈಕಾಲಿನ ಶಕ್ತಿ ಕುಂದುವುದು ಅಥವಾ ಮಾತು ತೊದಲುವುದು, ಮಗು ಇದ್ದಕ್ಕಿದ್ದಂತೆ ಬಿಳಿಚಿಕೊಂಡು ಎಡಹೊಟ್ಟೆ ಉಬ್ಬುವುದು: ಇವುಗಳಲ್ಲಿ ಯಾವುದೇ ಕಂಡರೂ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೋಗಬೇಕು. ಹೋಗುವಾಗ ಹಳೆಯ ರಿಪೋರ್ಟುಗಳ ಫೈಲ್ ಕೈಯಲ್ಲಿರಲಿ.